ತಾನಾಗಿ ಹೋದ ಪೌರತ್ವ

ಜರ್ಮನಿಯಿಂದ ಉತ್ತರ ಬಂದ ದಿನ ಹಿಮ ಬೀಳುತ್ತಿತ್ತು ಎಂದು ಮೊದಲು ಬರೆದಿದ್ದೆ. ಅಮ್ಮ ಓದಿ, ಅವತ್ತು ಎ.ಸಿ. ಹಾಕಿಕೊಂಡು ಕೂತಿದ್ದೆವು ಎಂದರು. ಹಿಮವನ್ನು ತೆಗೆದಿದ್ದೇನೆ. ಕೋಪವನ್ನು ತೆಗೆದಿಲ್ಲ; ಅದು ಇತ್ತೆಂಬ ಬಗ್ಗೆ ನಮ್ಮಿಬ್ಬರಲ್ಲಿ ತಕರಾರಿಲ್ಲ.

ವರ್ಷ ೨೦೧೬. ಕೆನಡಾದ ಮೆಡೋವೇಲ್‌ನ ನಮ್ಮ ಮನೆ. ಜರ್ಮನ್ ಪೌರತ್ವ ಕೇಳಿ ಅಮ್ಮ ಹಾಕಿದ್ದ ಅರ್ಜಿಗೆ ಬಂದ ಉತ್ತರ ತುಂಬ ಸಭ್ಯವಾಗಿತ್ತು. ಅದರ ಸಾರ ಇಷ್ಟು: ನಿಮ್ಮ ತಾಯಿಯ ಪೌರತ್ವವನ್ನು ಯಾರೂ ಕಿತ್ತುಕೊಂಡಿಲ್ಲ, ಪರದೇಶದವನನ್ನು ಮದುವೆಯಾದಾಗ ಅದು ತಾನಾಗಿ ಹೋಯಿತು.

ತಾನಾಗಿ. ಕೊಡೆ ಬಸ್ಸಿನಲ್ಲಿ ಉಳಿದುಹೋದ ಹಾಗೆ.

ನನ್ನ ಅಜ್ಜಿ, ಅಂದರೆ ಅಮ್ಮನ ತಾಯಿ, ಬರ್ಲಿನ್ನಿನಲ್ಲಿ ಶಾಲೆ ಮೇಡಂ ಆಗಿದ್ದರು. ಯಹೂದಿ ಎಂಬ ಕಾರಣಕ್ಕೆ ನಾಜಿಗಳು ಕೆಲಸದಿಂದ ತೆಗೆದರು. ಅಜ್ಜಿ ತಮ್ಮ ಮನೆಯಲ್ಲೇ ಬಾಡಿಗೆಗಿದ್ದ ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಮದುವೆಯಾಗಿ ಹಡಗು ಹತ್ತಿದರು. ಪ್ರೀತಿಯೋ, ಜೀವಭಯವೋ, ಎರಡೂ ಇತ್ತೋ, ನನಗೆ ಗೊತ್ತಿಲ್ಲ. ಗೊತ್ತಿದೆಯೆಂದು ಬರೆದರೆ ಕತೆ ಚೆನ್ನಾಗಿರುತ್ತದೆ, ಅಷ್ಟೇ. ಅಲ್ಲೇ ಉಳಿದ ಅವರ ಅಪ್ಪ ಅಮ್ಮನನ್ನು ನಾಜಿಗಳು ಕೊಂದರು. ಇದರಲ್ಲಿ ನನಗೆ ಅನುಮಾನವಿಲ್ಲ.

ಅಮ್ಮನಿಗೆ ಇನ್ನೊಂದು ಪಾಸ್‌ಪೋರ್ಟ್ ಬೇಕಿರಲಿಲ್ಲ. ನಿನ್ನ ತಾಯಿ ನಮ್ಮವಳು ಎಂದು ಆ ದೇಶ ಒಂದು ಸಲ ತನ್ನ ಬಾಯಲ್ಲೇ ಹೇಳಬೇಕಿತ್ತು. ಆದರೆ ಅಮ್ಮ ಹುಟ್ಟಿದ ಕಾಲದ ಅವರ ಕಾನೂನಿನಲ್ಲಿ ಮದುವೆಯಾದವರ ಮಕ್ಕಳಿಗೆ ಪೌರತ್ವ ಬರುತ್ತಿದ್ದದ್ದು ತಂದೆಯಿಂದ. ಹೊರಗೆ ಹಾಕುವಾಗ ಅಜ್ಜ ಅಜ್ಜಿಯರವರೆಗೂ ಕೆದಕಿ ಲೆಕ್ಕ ಹಿಡಿದವರಿಗೆ, ಒಳಗೆ ಬಿಡುವಾಗ ಹೆತ್ತ ತಾಯಿಯೇ ಲೆಕ್ಕಕ್ಕಿಲ್ಲ.

ಆ ಭಾನುವಾರ ಎಟೋಬಿಕೋದಿಂದ ದೊಡ್ಡಪ್ಪ ಬಂದರು. ಎಪ್ಪತ್ತರ ದಶಕದಲ್ಲೇ ಇಲ್ಲಿಗೆ ಬಂದು ನೆಲೆಸಿದ ರಿಟೈರ್ಡ್ ಎಂಜಿನಿಯರ್. ಯಾವುದಕ್ಕೂ ಆಶ್ಚರ್ಯಪಡದಿರುವುದು ಅವರ ಹೆಮ್ಮೆ.

"ಇದರಲ್ಲೇನಮ್ಮಾ ವಿಶೇಷ? ಮದುವೆ ಆದ್ಮೇಲೆ ಹೆಣ್ಣಿಗೆ ಗೋತ್ರ ಬದಲಾಗಲ್ವೆ? ಸೇಮ್ ಲಾಜಿಕ್ಕು. ಜರ್ಮನ್ನರೂ ನಮ್ಮೋರೇ ಅಂದ್ಕೋ."

"ಗೋತ್ರದ ಮಾತು ಎತ್ಬೇಡಿ ಭಾವ. ನಮ್ಮಮ್ಮಂಗೆ ಅದನ್ನೂ ಕಡ ತಂದಿದ್ರು."

ನಿಜ. ಮೈಸೂರಿನಲ್ಲಿ ಮತ್ತೊಮ್ಮೆ ಶಾಸ್ತ್ರೋಕ್ತವಾಗಿ ಮದುವೆ ಮಾಡುವಾಗ, ಧಾರೆ ಎರೆದುಕೊಡಲು ಹುಡುಗಿಗೆ ಗೋತ್ರವೇ ಇಲ್ಲವೆಂದು ಪಕ್ಕದ ಮನೆಯ ದಂಪತಿ ಅಜ್ಜಿಯನ್ನು ದತ್ತು ತೆಗೆದುಕೊಂಡರಂತೆ. ಮಧ್ಯಾಹ್ನದ ಊಟದ ಹೊತ್ತಿಗೆ ಆ ಗೋತ್ರವೂ ಬದಲಾಯಿತು.

"ಬೈಯೋದಾದ್ರೆ ಆ ಜರ್ಮನ್ನರನ್ನ ಬೈಯಮ್ಮ. ಕಾಫಿಗೆ ಬಂದೋನನ್ನ ಯಾಕೆ?"

"ಅವರು ಕೈಗೆ ಸಿಗಲ್ಲ. ನೀವು ಸಿಕ್ಕಿದೀರಿ."

ದೊಡ್ಡಪ್ಪ ನಕ್ಕರು. ಅಮ್ಮ ನಗಲಿಲ್ಲ. ಅಥವಾ ನಕ್ಕಿರಬಹುದು, ನನ್ನ ಸಿಟ್ಟಿನಲ್ಲಿ ಅವರ ನಗು ನನಗೆ ಬೇಡವಾಗಿರಬಹುದು.

೨೦೧೯ರಲ್ಲಿ ನಿಯಮ ಸಡಿಲವಾಯಿತು. ತಾಯಿಯ ಕಡೆಯವರೂ ಕೇಳಬಹುದು. ಹಕ್ಕೆಂದು ಅಲ್ಲ, ಕೇಳಿಕೊಂಡರೆ ಪರಿಶೀಲಿಸುತ್ತಾರೆ. ಜೊತೆಗೊಂದು ಷರತ್ತು: ಅರ್ಜಿದಾರರಿಗೆ ಸರಳ ಜರ್ಮನ್ ಬರಬೇಕು.

ಅಜ್ಜಿ ಮನೆಯಲ್ಲಿ ಆ ಭಾಷೆಯನ್ನು ಆಡುತ್ತಲೇ ಇರಲಿಲ್ಲ. ಮಕ್ಕಳನ್ನು ಬೈಯುತ್ತಿದ್ದದ್ದೂ ಕನ್ನಡದಲ್ಲಿ, ಅದೂ ಕೆಲಸದ ನಂಜಮ್ಮನವರಿಂದ ಕಲಿತ ಗಟ್ಟಿ ಕನ್ನಡದಲ್ಲಿ. ಯಾರಿಂದಾಗಿ ಆ ಭಾಷೆ ಮನೆಯೊಳಗೆ ಬರಲಿಲ್ಲವೋ ಅವರೇ ಈಗ ಅದನ್ನು ಕಲಿತು ಬಾ ಅನ್ನುತ್ತಿದ್ದಾರೆ. ನಾನು ಬೇಡವೆಂದೆ. ಅಮ್ಮ ಕ್ಲಾಸಿಗೆ ಸೇರಿದರು. ಜರ್ಮನಿಯಲ್ಲಿ ಕೆಲಸ ಹುಡುಕುವ ಹುಡುಗ ಹುಡುಗಿಯರ ನಡುವೆ ಮುಂದಿನ ಸಾಲಿನಲ್ಲಿ ಎಪ್ಪತ್ತು ದಾಟಿದ ಇವರು. ನಾನು ಮಗಳು, ನಾನು ತಿಂಡಿ ತಿನ್ನುತ್ತೇನೆ, ಅದು ಕಿಟಕಿ: ಮೊದಲ ಹಂತ ಅಷ್ಟೇ.

ಜರ್ಮನ್ ಕಾನ್ಸುಲೇಟಿನ ಸಂದರ್ಶನಕ್ಕೆ ಜೊತೆಯಲ್ಲಿ ಹೋದೆ. ಅಧಿಕಾರಿಣಿ ಚಿಕ್ಕ ವಯಸ್ಸಿನವಳು, ಒಳ್ಳೆಯವಳು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಬೆಳಿಗ್ಗೆ ಏನು ತಿಂದಿರಿ ಎಂದು ನಿಧಾನವಾಗಿ ಜರ್ಮನ್ನಿನಲ್ಲಿ ಕೇಳಿದಳು. ಅಮ್ಮ "ಉಪ್ಪಿಟ್ಟು" ಅಂದರು. ಆಕೆ ಬರೆದುಕೊಂಡಳು. ಆಮೇಲೆ ಮನೆಯವರ ಬಗ್ಗೆ ಹೇಳಿ ಅಂದಳು.

ಅಮ್ಮ ಬೆನ್ನು ನೆಟ್ಟಗೆ ಮಾಡಿ, ಒಂದೊಂದೇ ಪದವನ್ನು ಇಟ್ಟರು. "ಮೈನೆ ಮುಟ್ಟರ್ ಇಸ್ಟ್ ಡಾಯ್ಚೆ." ನನ್ನ ತಾಯಿ ಜರ್ಮನ್ ಆಗಿದ್ದಾರೆ.

ಅಜ್ಜಿ ಹುಟ್ಟಿದ ವರ್ಷ, ಸತ್ತ ವರ್ಷ ಎರಡೂ ಆಕೆಯ ಮುಂದಿನ ಹಾಳೆಯಲ್ಲಿದ್ದವು. "ವಾರ್," ಎಂದು ಮೆಲ್ಲಗೆ ತಿದ್ದಿದಳು.

"ಏನಂತೆ ಕಣೇ?" ಅಮ್ಮ ನನ್ನ ಕಡೆ ತಿರುಗಿದರು.

"ಆಗಿದ್ದರು ಅನ್ಬೇಕಂತಮ್ಮ. ತೀರಿಕೊಂಡಿದ್ದಾರಲ್ಲ, ಅದಕ್ಕೆ."

ಅಮ್ಮ ಆಕೆಯನ್ನೇ ನೋಡಿದರು.

"ಯಾವಾಗಿನ ತನಕ ಆಗಿದ್ದರು ಅಂತ ಕೇಳು."

ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ಪೆನ್ನು ಕೆಳಗಿಟ್ಟು, ಅದನ್ನು ನಿರ್ಧರಿಸುವುದು ನಾನಲ್ಲ ಎಂದಳು. ಅಮ್ಮ ಹಟ ಹಿಡಿದು, ಮೊದಲಿನ ವಾಕ್ಯವನ್ನೇ ಮತ್ತೆ ಹೇಳಿದರು.