ಸೌಂಡ್ ಆಫ್ ಮಾಡಿದ ಇಂಗ್ಲಿಷ್ ಕ್ಲಾಸು

ಟಿ. ದಾಸರಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರು ಹೆಚ್ಚಾಗಿ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಅವರಲ್ಲಿ, ಸೂಪರ್‌ವೈಸರ್ ಆಗಬೇಕೆಂದು ಬರುತ್ತಿದ್ದ ವಿಜಯಪುರದ ಕಡೆಯ ಒಬ್ಬರು ಬರೆಯುವುದರಲ್ಲಿ ಎಲ್ಲರಿಗಿಂತ ಮುಂದಿದ್ದರು. ಮಾತಾಡಿ ಅಂದರೆ ಮಾತ್ರ ತಲೆ ತಗ್ಗಿಸಿಬಿಡುತ್ತಿದ್ದರು.

"ಮನಸ್ನ್ಯಾಗ ಸೆಂಟೆನ್ಸ್ ತಯಾರ ಆಗೂತನಕ ಎದುರಿನವ್ರು ಹೋಗೇಬಿಟ್ಟಿರ್ತಾರ್ರಿ ಮೇಡಂ," ಅಂದರು ಒಮ್ಮೆ.

ಆ ಮಾತು ನನ್ನನ್ನು ಬಿಡಲಿಲ್ಲ. ಇಪ್ಪತ್ತು ವರ್ಷ ಶಾಲೆಯಲ್ಲಿ ನಾನು ಕಲಿಸಿದ್ದೇ ಪೂರಾ ವಾಕ್ಯಗಳನ್ನು. ಮುಂದಿನ ವಾರ ವ್ಯಾಕರಣದ ಪುಸ್ತಕ ಕೆಳಗೇ ಬಿಟ್ಟು, ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಸಿನಿಮಾದ ಒಂದು ದೃಶ್ಯ ಹಾಕಿದೆ. ತನ್ನ ಅರ್ಜಿಯನ್ನು ಆಫೀಸಿನವರೇ ಕಳೆದುಹಾಕಿದ್ದಾರೆ ಎಂದು ಒಬ್ಬಳು ಕೌಂಟರಿನ ಮುಂದೆ ನಿಂತು ವಾದಿಸುವ ದೃಶ್ಯ. ಎರಡು ಸಲ ಕೇಳಿಸಿ, ಮೂರನೇ ಸಲ ಸೌಂಡ್ ಆಫ್ ಮಾಡಿ, "ಈಗ ಅವಳ ಮಾತು ನೀವೇ ಆಡಿ" ಅಂದೆ.

ಎಲ್ಲರೂ ನಕ್ಕರು. ವಿಜಯಪುರದ ಇವರೊಬ್ಬರು ನಗಲಿಲ್ಲ.

"ಇನ್ನೊಮ್ಮೆ ಹಚ್ರಿ ಮೇಡಂ. ಆಕೀನೂ ನಡುವ ನಿಲ್ತಾಳಲ್ಲ, ಅದನ್ನ ನೋಡಬೇಕು."

ನಾನದನ್ನು ಗಮನಿಸಿಯೇ ಇರಲಿಲ್ಲ. ಆ ಹೆಂಗಸು ಮೂರು ಕಡೆ ತಡವರಿಸುತ್ತಾಳೆ. ಹೇಳಿದ್ದನ್ನೇ ಮತ್ತೆ ಹೇಳುತ್ತಾಳೆ. "ವನ್ ಮಿನಿಟ್, ಲೆಟ್ ಮಿ ಫಿನಿಶ್" ಅಂತ ಉಸಿರು ತೆಗೆದುಕೊಳ್ಳುತ್ತಾಳೆ.

"ಇಂಗ್ಲಿಷ್‌ನವ್ರೂ ಮಾತು ಹುಡುಕ್ಯಾಡ್ತಾರಂದ್ರ ನಾವ್ಯಾಕ ನಾಚ್ಕೋಬೇಕ್ರಿ?"

ಅವತ್ತು ಅವರು ಮೊದಲ ಸಲ ಎಲ್ಲರೆದುರು ಮಾತಾಡಿದರು, ಸಿನಿಮಾದವಳ ಹಾಗೇ ನಿಂತು ನಿಂತು. ಕ್ರಿಯಾಪದಗಳೆಲ್ಲ ತಪ್ಪಿದ್ದವು. ನಾನು ತಿದ್ದಲಿಲ್ಲ.

ಎರಡು ತಿಂಗಳು ಹೀಗೇ ನಡೆಯಿತು. ಒಂದು ಭಾನುವಾರ ಅವರು ಚಪ್ಪಲಿ ಬಿಡುತ್ತಲೇ ಫ್ಯಾಕ್ಟರಿಯ ಸುದ್ದಿ ಹೇಳತೊಡಗಿದರು. ವಿದೇಶದ ಕಂಪನಿಯಿಂದ ತಪಾಸಣೆಗೆ ಬಂದವನು ಕಾಲರ್ ಅಳತೆ ತಪ್ಪಿದೆ ಎಂದು ಅವರ ಹೊಲಿಗೆ ಲೈನಿನ ಇಡೀ ದಿನದ ಶರ್ಟುಗಳನ್ನು ಪಕ್ಕಕ್ಕಿಡಿಸಿದ್ದ. ಸೂಪರ್‌ವೈಸರ್ ಸುಮ್ಮನೆ ತಲೆಯಾಡಿಸುತ್ತಿದ್ದರಂತೆ. ಇವರು ಮಿಷನ್ ಬಿಟ್ಟೆದ್ದು, ಆ ಕಂಪನಿಯೇ ಒಪ್ಪಿದ್ದ ಸ್ಯಾಂಪಲ್ ಶರ್ಟನ್ನೂ ಅಳತೆ ಟೇಪನ್ನೂ ಮೇಜಿನ ಮೇಲಿಟ್ಟು ಇಂಗ್ಲಿಷಿನಲ್ಲೇ ವಿವರಿಸಿದ್ದರು. ಅವನು ನಡುವೆ ಬಾಯಿ ಹಾಕಿದಾಗ "ಲೆಟ್ ಮಿ ಫಿನಿಶ್, ಸರ್" ಅಂದಿದ್ದರು. ಅವನು ನಿಂತು ಕೇಳಿದ, ತಾನೇ ಟೇಪ್ ಹಿಡಿದು ಅಳೆದ. ಅವನ ಕೈಯಲ್ಲಿದ್ದ ಅಳತೆಗಳ ಕಾಗದವೇ ಹಳೆಯದಾಗಿತ್ತು. ಶರ್ಟುಗಳೆಲ್ಲ ಪಾಸಾದವು.

"ಮೂರ್ನಾಲ್ಕು ಕಡೆ ತಡವರಿಸಿದ್ನಿ ಮೇಡಂ. ಮಾತು ಮಾತ್ರ ನಿಲ್ಲಲಿಲ್ಲ."

ನಾನು ಕೆಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿ ತಂದೆ.

ಸೂಪರ್‌ವೈಸರ್ ಕೆಲಸ ಅವರಿಗಿನ್ನೂ ಸಿಕ್ಕಿಲ್ಲ. ಮುಂದಿನ ಬಡ್ತಿ ಪಟ್ಟಿಯಲ್ಲಿ ಹೆಸರಿದೆಯಂತೆ. ಈಗ ಹೊಸಬರಿಗೆ ಮೊದಲ ಅರ್ಧ ಗಂಟೆ ಅವರೇ ಹೇಳಿಕೊಡುತ್ತಾರೆ. ಹೋದ ವಾರ ನಾನು ಶುರು ಮಾಡುತ್ತಿದ್ದಂತೆ ಹಿಂದಿನ ಬೆಂಚಿನಿಂದ ಕೈಯೆತ್ತಿದರು.

"ಮೇಡಂ, ಸಿಟ್ಟಾಗಬ್ಯಾಡ್ರಿ. ನೀವು ಇಂಗ್ಲಿಷ್ ಭಾಳ ಜೋರ ಓಡಸ್ತೀರಿ. ನಡುನಡುವ ಒಂದೀಟು ನಿಂದರ್ರಿ."

ನಾನು ಇನ್ನೊಮ್ಮೆ ಮೊದಲಿನಿಂದ, ನಿಂತು ನಿಂತು ಹೇಳಿದೆ.