ಗೆರೆ ಬಾರದ ಕಾರ್ಡು

ಎರಡನೆಯ ಅಲೆಯ ಮೇ ತಿಂಗಳು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಕೋವಿಡ್ ಕೇಂದ್ರವಾಗಿದ್ದ ಒಂದು ಕಲ್ಯಾಣ ಮಂಟಪದ ಮುಂಬಾಗಿಲಲ್ಲಿ ನಾನು ನಿಂತಿದ್ದೆ. ಮಧ್ಯಾಹ್ನದ ಊಟದ ಹೊತ್ತು ಕಳೆದಿತ್ತು, ಬಿಸಿಲು ಚೆನ್ನಾಗಿತ್ತು. ಕತ್ತಲಲ್ಲಿ ಏನನ್ನೋ ಕಂಡು ಬೆಚ್ಚಿದವನ ಮಾತು ಇದೆಂದು ಯಾರೂ ತಿಳಿಯಬಾರದು, ಅದಕ್ಕೆ ಇಷ್ಟು ಹೇಳಿದೆ. ನಾನು ಲ್ಯಾಬ್ ಟೆಕ್ನಿಷಿಯನ್. ಬೇರೆಯವರು ಇಂಥದ್ದನ್ನು ಹೇಳಿದಾಗ ಏನಾದರೊಂದು ಕಾರಣ ಕೊಟ್ಟು ಅವರ ಬಾಯಿ ಮುಚ್ಚಿಸುತ್ತಿದ್ದವನು.

ಮದುವೆಗಳಲ್ಲಿ ತಾಂಬೂಲ ಕೊಡುವ ಮೇಜೇ ನಮ್ಮ ರ‍್ಯಾಪಿಡ್ ಟೆಸ್ಟಿನ ಮೇಜು. ಆ ಕಾರ್ಡಿನಲ್ಲಿ ಗೆರೆ ಮೂಡುವ ಎರಡು ಜಾಗಗಳಿರುತ್ತವೆ. ಟಿ ಎಂಬಲ್ಲಿ ಗೆರೆ ಬಂದರೆ ಸೋಂಕಿದೆ ಎಂದರ್ಥ. ಸಿ ಎಂಬಲ್ಲಿನ ಗೆರೆಗೂ ಸೋಂಕಿಗೂ ಸಂಬಂಧವಿಲ್ಲ. ಕಾರ್ಡು ಸರಿಯಾಗಿ ಕೆಲಸ ಮಾಡಿದೆ ಎಂಬುದಕ್ಕೆ ಅದು ಸಾಕ್ಷಿ. ಯಾರದೇ ಮೂಗಾಗಲಿ, ಆ ಗೆರೆ ಬರಬೇಕು. ಸೋಂಕಿದ್ದವರನ್ನೂ ಇಲ್ಲವೆಂದು ಕಳಿಸುವ ಕಾರ್ಡು ಅದು ಎಂದು ನಮಗೆ ಗೊತ್ತಿತ್ತು. ಆ ತಪ್ಪಿನ ಜೊತೆಯಲ್ಲೇ ಕೆಲಸ ಮಾಡಿ ದಣಿದಿದ್ದೆವು. ಏನನ್ನೂ ಹೇಳದೆ ಸುಮ್ಮನಿರುವ ಕಾರ್ಡು ನಮ್ಮ ಲೆಕ್ಕದಲ್ಲಿರಲಿಲ್ಲ.

ಹೊಳಲಿನ ಪುಟ್ಟಸ್ವಾಮಿಯ ಹೆಂಡತಿ ಜಯಮ್ಮ ಒಳಗಿದ್ದಳು. ಮಂಡ್ಯದಲ್ಲಿ ಹಾಸಿಗೆ ಸಿಗದೆ ಇಲ್ಲಿಗೆ ಕರೆತಂದಿದ್ದ. ಬೆಳಿಗ್ಗೆಯಿಂದ ಆಕೆಯ ಉಸಿರು ಕೆಟ್ಟಿತ್ತು, ದೊಡ್ಡಾಸ್ಪತ್ರೆಗೆ ಸಾಗಿಸಲು ಆಂಬುಲೆನ್ಸಿಗೆ ಕಾಯುತ್ತಿದ್ದೆವು. ಗಂಡನನ್ನು ನೋಡಬೇಕೆಂದು ಆಕೆ ಕೇಳಿದ್ದಳು. ಸೋಂಕಿಲ್ಲವೆಂದು ಕಾರ್ಡು ಹೇಳಿದರೆ ಅವನಿಗೆ ಪಿಪಿಇ ಕಿಟ್ ತೊಡಿಸಿ ಒಳಗೆ ಬಿಡಬಹುದಿತ್ತು. ಇದೆ ಎಂದರೆ ರೋಗಿಯಾಗಿಯೇ ಒಳಗೆ ಹೋಗುತ್ತಿದ್ದ. ಎರಡರಲ್ಲಿ ಒಂದು ಸಾಕಿತ್ತು.

ಪುಟ್ಟಸ್ವಾಮಿಯ ಕಾರ್ಡಿನಲ್ಲಿ ಗೆರೆಯೇ ಬರಲಿಲ್ಲ, ಸಿ ಗೆರೆಯೂ. ಇನ್ನೊಂದು ಕಾರ್ಡು ತೆಗೆದೆ, ಅದೂ ಖಾಲಿ. ಹೊಸ ಡಬ್ಬಿ ಒಡೆದು ಮೂರನೆಯದನ್ನು ಹಾಕಿದೆ, ಅದರಲ್ಲೂ ಗೆರೆಯಿಲ್ಲ. ನರ್ಸ್ ಭಾಗ್ಯಳನ್ನು ಕರೆದು ತೋರಿಸಿದೆ. ಅವಳು ಮೂರನ್ನೂ ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದಳು. ಅದೇ ಡಬ್ಬಿಯ ಕಾರ್ಡಿನಲ್ಲಿ ನನ್ನನ್ನೇ ಪರೀಕ್ಷಿಸಿಕೊಂಡೆ. ಸಿ ಗೆರೆ ಕೂಡಲೇ ಬಂತು.

“ಐತೆ ಅಂತ್ಲಾದ್ರೂ ಅನ್ನಿ ಸಾ, ಇಲ್ಲ ಅಂತ್ಲಾದ್ರೂ ಅನ್ನಿ. ಎಂಗಾದ್ರೂ ಒಳಿಕ್ಕೋಯ್ತೀನಿ” ಎಂದ ಪುಟ್ಟಸ್ವಾಮಿ. ಅವನ ಕೈಯಲ್ಲಿ ಒಂದು ಎಳನೀರಿತ್ತು.

ಮೂರು ಕಾರ್ಡೂ ಖಾಲಿಯಾದರೆ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಒಳಗೆ ಹೋಗಿದ್ದ ಭಾಗ್ಯ ಮತ್ತೆ ಬಾಗಿಲಿಗೆ ಬಂದಳು.

“ಅಣ್ಣ, ನಿಮ್ಮನೇವ್ರು ಕೇಳ್ತಾವ್ರೆ. ಆ ಮುಂಡೇದು ಅಸೂಗೆ ನೀರ್ ಮಡಗ್ಬುಟ್ಟು ಬಂದೈತಾ ಅಂತ.”

“ಮಡಗ್ಬುಟ್ಟೇ ಬಂದೆ ಅನ್ನಿ ಕಣಮ್ಮ. ಬಯ್ಯಕ್ಕೆ ಉಸ್ರೈತಲ್ಲ, ಅಷ್ಟ್ ಸಾಕು.”

ಮೂವರೂ ನಕ್ಕೆವು. ಆ ತಿಂಗಳಲ್ಲಿ ನಾನು ನಕ್ಕ ನೆನಪು ಅದೊಂದೇ.

ಆಮೇಲೆ ಡಾಕ್ಟರಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಲೇ ಇದ್ದೆ. ಮೂರನೆಯ ಸಲ ಭಾಗ್ಯ ಬಂದಾಗ ಬಾಗಿಲಿಗೆ ಒರಗಿ ನಿಂತಳು. ಮಂಜು ಹಿಡಿದ ಕನ್ನಡಕದ ಹಿಂದೆ ಅವಳ ಕಣ್ಣು ಕಾಣಲಿಲ್ಲ. “ಈಗ ಬನ್ನಿ ಅಣ್ಣ” ಎಂದಳು.

ಹೆಣ ನೋಡಲು ಹೋಗುವವರಿಗೆ ಕಾರ್ಡು ಬೇಕಿರಲಿಲ್ಲ.

ಭಾಗ್ಯ ಅವನಿಗೆ ಕಿಟ್ ತೊಡಿಸುತ್ತಿದ್ದಳು. ನಾನು ಅವನ ಕಾರ್ಡುಗಳನ್ನು ಕಸದ ಹಳದಿ ಚೀಲಕ್ಕೆ ಹಾಕಲೆಂದು ಕೈ ಚಾಚಿದೆ. ಮೂರರಲ್ಲೂ ಸಿ ಗೆರೆ ಇತ್ತು. ತಡವಾಗಿ ಮೂಡುವ ಗೆರೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಅವು ಮಸುಕಾಗಿರುತ್ತವೆ, ನಂಬಬಾರದು. ಇವು ಈಗಷ್ಟೇ ಎಳೆದಂತೆ ಕೆಂಪಗೆ, ನೇರವಾಗಿದ್ದವು. ಮೊದಲನೆಯ ಕಾರ್ಡು ಒಣಗಿ ಎಷ್ಟೋ ಹೊತ್ತಾಗಿತ್ತು. ಒಣಗಿದ ಪಟ್ಟಿಯ ಮೇಲೆ ಏನೂ ಹರಿಯುವುದಿಲ್ಲ. ಟಿ ಜಾಗ ಮೂರರಲ್ಲೂ ಖಾಲಿ.

ನನ್ನ ಕೈ ನಿಂತದ್ದನ್ನು ಕಂಡು ಇಬ್ಬರೂ ಮೇಜಿನ ಬಳಿ ಬಂದು ಬಗ್ಗಿ ನೋಡಿದರು.

“ಬಂತಾ ಸಾ?”

“ಬಂತು.”

“ಏನಂತೆ?”

“ಇಲ್ಲ ಅಂತ.”

ಅವನು ಎಳನೀರನ್ನು ಕಾರ್ಡುಗಳ ಪಕ್ಕದಲ್ಲಿಟ್ಟು ಒಳಗೆ ಹೋದ.

ಕಾರ್ಡುಗಳು ಬಿಸಿಲಿಗೆ ಕೆಟ್ಟಿರಬೇಕು ಎಂದುಕೊಂಡೆ. ನನ್ನ ಕಾರ್ಡು ಅದನ್ನು ಒಪ್ಪುವುದಿಲ್ಲ. ನಿದ್ದೆಗೆಟ್ಟ ಕಣ್ಣು ಎಂದುಕೊಂಡೆ. ಆದರೆ ಆಗ ಖಾಲಿಯಾಗಿದ್ದದ್ದನ್ನು ಭಾಗ್ಯಳೂ ನೋಡಿದ್ದಳು. ಓದುಗರು ನನಗೆ ತೋಚದ ಕಾರಣವನ್ನು ಹೇಳಿದರೆ ಒಪ್ಪಿಕೊಳ್ಳಲು ಸಿದ್ಧನಿದ್ದೇನೆ. ಇಷ್ಟು ವರ್ಷವಾದರೂ ನನಗೆ ಸಿಕ್ಕಿಲ್ಲ.

ಭಾಗ್ಯ ಈಗ ಮಳವಳ್ಳಿಯಲ್ಲಿ ಕೆಲಸ ಮಾಡುತ್ತಾಳೆ. ಕೇಳಿದರೆ “ಬುಡಿ ಸಾ, ಆ ಮಾತ್ಯಾಕೆ” ಎನ್ನುತ್ತಾಳೆ. ಕಾಣಲಿಲ್ಲ ಎನ್ನುವುದಿಲ್ಲ. ಪುಟ್ಟಸ್ವಾಮಿ ಹೊಳಲಿನಲ್ಲಿದ್ದಾನೆ, ಆ ಹಸುವನ್ನು ಇನ್ನೂ ಮಾರಿಲ್ಲ. ಆ ಗೆರೆಗಳನ್ನು ಕಂಡವರು ನಾವು ಮೂವರೇ. ಮೂವರೂ ಇದ್ದೇವೆ.