ಕೇಸು ಮುಗಿಯೋ ತನಕ ಕುಂಟಬೇಕಾದವರು

ನನ್ನ ಮಗಳು ಎಡಗಾಲು ಎಳೆದುಕೊಂಡು ನಡೆಯುತ್ತಾಳೆ. ಈಗಷ್ಟೇ ನಡೆಯಲು ಕಲಿತಿದ್ದಾಳೆ, ಮಕ್ಕಳು ಹಾಗೇ ಇರುತ್ತವೆ ಎಂದು ಎಲ್ಲರೂ ಹೇಳಿದರು. ನನಗೆ ಸಮಾಧಾನವಿಲ್ಲ. ಸ್ನಾನ ಮಾಡಿಸುವಾಗ ಎರಡೂ ಕಾಲು ಜೋಡಿಸಿ ಉದ್ದ ನೋಡುತ್ತೇನೆ, ಸೊಂಟ ಒತ್ತುತ್ತೇನೆ, ಅವಳು ರೇಗಿ ಅಳುವ ತನಕ ಪಾದ ತಿರುಗಿಸುತ್ತೇನೆ. ಮೊಬೈಲ್‌ನಲ್ಲಿ ಓದಿ ಓದಿ ಇಲ್ಲದ ಕಾಯಿಲೆಗಳ ಹೆಸರೆಲ್ಲ ಬಾಯಿಪಾಠವಾಗಿದೆ.

ಕೊನೆಗೆ ಹರಿಹರದಿಂದ ಬಸ್ಸು ಹತ್ತಿ ದಾವಣಗೆರೆಗೆ, ಚಿಕ್ಕವಳಿದ್ದಾಗ ನನ್ನನ್ನೂ ನೋಡುತ್ತಿದ್ದ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮಗುವನ್ನು ಮಲಗಿಸಿ, ಕೂರಿಸಿ, ಹೊರಗೆ ನಡೆಸಿ ನೋಡಿದರು.

"ಕಾಲು ಗಟ್ಟಿಮುಟ್ಟಾಗೈತಮ್ಮ. ಮನೇಲಿ ಯಾರು ಹಿಂಗೆ ನಡೀತಾರೆ?"

ನಾನು ಮಗುವಿಗೆ ಚಪ್ಪಲಿ ತೊಡಿಸತೊಡಗಿದೆ.

ನನ್ನ ಗಂಡ ಹನುಮೇಶ್ ಹಿಂದೆ ಹೀಗೆ ನಡೆಯುತ್ತಿರಲಿಲ್ಲ. ದಾವಣಗೆರೆ ಪಕ್ಕದ ಕರೂರಿನ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದರು. ದಿನವಿಡೀ ನಿಂತೇ ಕೆಲಸ. ಮನೆಗೆ ಬಂದ ಮೇಲೂ ಕೂರುವ ಆಸಾಮಿಯಲ್ಲ. ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತು ಓಣಿಯವರನ್ನೆಲ್ಲ ಮಾತಾಡಿಸುವರು. ಭಾನುವಾರ ಫ್ಯಾಕ್ಟರಿಯ ಗೆಳೆಯ ಖಾಜಾ ಹುಸೇನ್ ಜೊತೆ ಕೊಂಡಜ್ಜಿ ಕೆರೆ ಏರಿ ಮೇಲೆ ಅಡ್ಡಾಡಿ ಬರುವರು. ಹೋದ ವರ್ಷ, ಡ್ಯೂಟಿ ಮುಗಿಸಿ ಬೈಕಿನಲ್ಲಿ ಬರುವಾಗ ದೊಡ್ಡಬಾತಿ ಹತ್ತಿರ ಲಗೇಜ್ ಆಟೊ ಗುದ್ದಿತು. ಎಡತೊಡೆಯ ಮೂಳೆ ಮುರಿಯಿತು. ಒಳಗೆ ರಾಡು ಹಾಕಿದರು.

ಮೊದಮೊದಲು ಎಲ್ಲ ಸರಿಯಾಗೇ ಇತ್ತು. ಫಿಸಿಯೊಥೆರಪಿ ಮಾಡಿಸಲು ರುಮಾನಾ ಮನೆಗೇ ಬರುತ್ತಿದ್ದಳು. ನನ್ನ ವಯಸ್ಸಿನವಳೇ, ಬಾಯಿ ಜೋರು. "ಏನಣ್ಣಾ, ಮಗಳು ನಿಮಗಿಂತ ಮುಂಚೆ ನಡೀತಾಳೆ ನೋಡ್ರಿ. ಮರ್ಯಾದೆ ಐತೇನ್ರಿ ನಿಮಗೆ?" ಎಂದು ಕಾಡಿಸುವಳು. ಇವರು ನೋವಿನಲ್ಲೂ ನಗುತ್ತ ಮಂಡಿ ಮಡಚುವರು. ವಾಕರ್ ಹೋಗಿ ಕೋಲು ಬಂತು. ಒಂದು ಬೆಳಿಗ್ಗೆ ಕೋಲೂ ಇಲ್ಲದೆ ಅಡುಗೆಮನೆಗೆ ಬಂದು ನಿಂತರು. ನಾನು ಹಾಲು ಉಕ್ಕಿಸಿಬಿಟ್ಟೆ.

ಅದೇ ವಾರ ಕಡರನಾಯಕನಹಳ್ಳಿಯಿಂದ ಇವರ ಸೋದರಮಾವ ಕೆಂಚವೀರಪ್ಪ ಬಂದರು. ಪರಿಹಾರದ ಕೇಸು ಹಾಕಿಸಿದ್ದೇ ಅವರು. ಒಳ್ಳೆಯ ಮನುಷ್ಯ, ಆಸ್ಪತ್ರೆಯಲ್ಲಿ ನಮ್ಮ ಜೊತೆ ನೆಲದ ಮೇಲೆ ಮಲಗಿದವರು. ಅಳಿಯ ಬರಿಗೈಲಿ ನಡೆದು ಬಂದದ್ದು ನೋಡಿ ಗಾಬರಿಯಾದರು.

"ಏ ಹನುಮ, ಕೂಡ್ರೋ ಮಾರಾಯ! ಡಾಕ್ಟ್ರು ಕಾಲು ನೋಡಿ ಇಷ್ಟು ಊನ ಐತೆ ಅಂತ ಬರೆದುಕೊಡಬೇಕು, ಅದನ್ನ ಜಡ್ಜು ನೋಡಬೇಕು. ನೀ ಕುದುರೆ ಹಂಗೆ ಓಡಾಡಿದ್ರೆ ಯಾರು ನಂಬ್ತಾರೆ?"

"ಡಾಕ್ಟ್ರೇ ನಡೀಲಿ ಅಂದಾರಲ್ಲ ಮಾವ" ಎಂದೆ.

"ನಡೀಲವ್ವ, ಯಾರು ಬ್ಯಾಡ ಅಂದ್ರು? ಕೇಸು ಮುಗೀಲಿ, ಆಮೇಲೆ ನಡೀಲಿ. ಇನ್ಶೂರೆನ್ಸ್‌ನೋರು ಕದ್ದು ವಿಡಿಯೊ ಮಾಡಿಸ್ತಾರಂತೆ. ಬಾಗ್ಲು ಹಾಕ್ಕೊಂಡಿರ್ರಿ."

ರುಮಾನಾಗೆ ಸದ್ಯಕ್ಕೆ ಬರುವುದು ಬೇಡ ಎಂದು ಹೇಳಿದ್ದಾಯಿತು. ಯಾರಾದರೂ ಬಾಗಿಲು ತಟ್ಟಿದರೆ ಇವರು ಕೋಲಿಗೆ ತಡಕಾಡುವರು. ಒಂದು ಸಂಜೆ ಖಾಜಾ ಹುಸೇನ್ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದ. ಫ್ಯಾಕ್ಟರಿಯವರಿಗೆ ತೋರಿಸಲು ಫೋಟೊ ತೆಗೆಯೋಣವೆಂದು ಮೊಬೈಲ್ ಎತ್ತಿದ.

"ಯಾರು ಕಳಿಸಿದ್ದು ನಿನ್ನ?" ಅಂದುಬಿಟ್ಟರು ಇವರು.

"ನನ್ನ ಯಾರು ಕಳಿಸ್ತಾರೋ ದೋಸ್ತ?" ಅವನು ನಗಲು ನೋಡಿದ. ಪೊಟ್ಟಣ ಇಟ್ಟು ಹೋದವನು ಮತ್ತೆ ಬರಲಿಲ್ಲ.

ಕೇಸು ಮುಂದಕ್ಕೆ ಹೋಗುತ್ತಲೇ ಇದೆ. ಒಮ್ಮೆ ಎದುರು ವಕೀಲರು ಬರಲಿಲ್ಲ, ಇನ್ನೊಮ್ಮೆ ರಜೆ. ಈಗ ಮನೆಯಲ್ಲಿ ಯಾರೂ ಇಲ್ಲದಾಗಲೂ ಇವರು ಕುಂಟುತ್ತಾರೆ. ತೋರಿಕೆಗೆ ಎಳೆಯುತ್ತಿದ್ದ ಕಾಲು ನಿಜವಾಗಿಯೇ ಬಿಗಿದುಕೊಂಡಿದೆ, ತೊಡೆ ಸೊರಗಿದೆ. ಪರದೆಯ ಸಂದಿಯಿಂದ ಓಣಿ ನೋಡುತ್ತ ಕೂರುತ್ತಾರೆ. ಹೊರಗೆ ಯಾರೋ ನಕ್ಕರೆ ಇವರೂ ಸ್ವಲ್ಪ ನಗುತ್ತಾರೆ. ನಾನೂ ಅಷ್ಟೆ. ತವರಿಗೆ ಫೋನ್ ಮಾಡಿದರೆ ಬಾಯಿತಪ್ಪಿ ಏನಾದರೂ ಹೇಳಿಬಿಟ್ಟೇನು ಎಂದು, ಊಟ ಆಯ್ತಾ ಅಂತಷ್ಟೇ ಕೇಳಿ ಇಟ್ಟುಬಿಡುತ್ತೇನೆ.

ಮಕ್ಕಳ ಡಾಕ್ಟರು ಕೇಳಿದ್ದನ್ನು ಮನೆಗೆ ಬಂದು ಹೇಳಿದೆ. ಇವರು ಮಗಳತ್ತ ತಿರುಗಿದರು. ಅವಳು ಚೆಂಡಿನ ಹಿಂದೆ ಕಾಲೆಳೆಯುತ್ತ ಹೊರಟಳು. ಇವರು ಕೋಲು ಬಿಟ್ಟು ಎದ್ದರು, ಹಿಡಿಯಲು ಬಗ್ಗಿದರು. ಮಂಡಿ ಬಗ್ಗಲಿಲ್ಲ. ಗೋಡೆಗೆ ಕೈಕೊಟ್ಟು ನಿಂತರು.

"ಸುಮಾ, ಈಗ ನಾನು ಬೇಕಂತ ಮಾಡ್ತಿಲ್ಲ ಕಣೇ. ಕಾಲು ಮಡಚಾಕೇ ಬರ್ತಿಲ್ಲ."

"ಗೊತ್ತೈತ್ರಿ."

"ಮಾವಗೆ ಏನು ಹೇಳಾದು?"

ಮಾವ ಬೈಯುವವರಲ್ಲ, ನೊಂದುಕೊಳ್ಳುವವರು, ಅದೇ ಕಷ್ಟ. ಕೇಸಿಗೆ ಏಟು ಬಿದ್ದರೂ ಬೀಳಬಹುದು. ನಡೆಯಬಹುದೇ ಎಂದು ನಮ್ಮ ವಕೀಲರನ್ನು ನಾವು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಅವರಿಗೂ ಅನುಮಾನ ಬಂದೀತು ಎಂಬ ಭಯ. ಹೀಗೆ ಯಾರನ್ನೂ ಕೇಳದೆ, ಯಾರಿಗೂ ಹೇಳದೆ ಮೂವರೂ ಒಳಗೇ ಉಳಿದಿದ್ದೆವು.

ಮೊಬೈಲ್ ಕೈಗೆ ತೆಗೆದುಕೊಂಡೆ. ಹೋಗೆಂದು ಕಳಿಸಿದವಳನ್ನು ಮತ್ತೆ ಕರೆಯುವುದು ಹೇಗೆ? ನಂಬರ್ ಒತ್ತಿದೆ.

"ರುಮಾನಾ, ನಾನು ಸುಮಾ. ಹರಿಹರದಿಂದ."

"ಅಕ್ಕಾ! ಅಣ್ಣ ನಡೀತಾ ಇದಾರೇನ್ರಿ?"

"ಇಲ್ಲ. ಮಂಡಿನೇ ಮಡಚ್ತಿಲ್ಲ. ನಾಳೆ ಬರ್ತೀರಾ?"

"ಇಷ್ಟು ದಿನ ಬಿಟ್ಟೀರಲ್ರಿ ಅಕ್ಕ, ಮುಂಚಿಗಿಂತ ನೋವು ಜಾಸ್ತಿ ಆಗತೈತೆ. ಅಣ್ಣ ಒಪ್ಪಿದಾರಾ?"

ನಾನು ಫೋನನ್ನು ಇವರ ಕಿವಿಗೆ ಹಿಡಿದೆ. ಇವರು ಗೋಡೆಯಿಂದ ಕೈ ತೆಗೆಯದೆಯೇ ಫೋನಿನತ್ತ ತಲೆ ಬಾಗಿಸಿದರು.

"ಹೂಂ, ಬಾರವ್ವ" ಅಂದರು.